ಚಿತ್ರಗಳ ಭಾರವೂ ಹಾದಿಯ ಅಗಲವೂ

ಕಳೆದ ವರ್ಷ ನಾವು ಮಾಡಿದ ಒಂದು ತಪ್ಪಿನಿಂದಲೇ ಈ ಲೇಖನವು ಹುಟ್ಟಿರುವದರಿಂದ, ಮೊದಲು ಆ ತಪ್ಪನ್ನು ಹೇಳಿಬಿಡುವದು ಯುಕ್ತವು.

ಶಾಲೆಯ ಕಚೇರಿಯ ಕಪಾಟಿನಲ್ಲಿ ಎಷ್ಟೋ ವರ್ಷಗಳಿಂದ ಮುಚ್ಚಿಟ್ಟಿದ್ದ ಹಳೆಯ ಭಾವಚಿತ್ರಗಳನ್ನು ಹೊರಗೆ ತೆಗೆದು, ದೂಳು ಒರಸಿ, ಅವುಗಳ ಪ್ರತಿಗಳನ್ನು ಗಣಕಯಂತ್ರಕ್ಕೆ ಇಳಿಸಿದೆವು. ಬೋರ್ಡಿಂಗಿನ ಹುಡುಗಿಯರ ಸಾಲುಚಿತ್ರಗಳು, ಹೊಲಿಗೆಯ ತರಗತಿ, ನಿವೃತ್ತರಾದ ಅಕ್ಕೋರುಗಳ ಬೀಳ್ಕೊಡುಗೆ, ಇವುಗಳ ಸಂಗಡ ಈಚಿನ ಆಟಪಾಟಗಳ ಚಿತ್ರಗಳು. ಎಲ್ಲಾ ಕೂಡಿ 60 ಆದವು. ಅಂತರ್ಜಾಲದಲ್ಲಿ ಅಲ್ಪ ಬಾಡಿಗೆಗೆ ಒಂದು ಸ್ಥಳವನ್ನು ಹಿಡಿದು ಅವುಗಳನ್ನೆಲ್ಲ ಅಲ್ಲಿ ಇಟ್ಟು, ನಾಡಿನಲ್ಲಿಯೂ ಪರದೇಶಗಳಲ್ಲಿಯೂ ಇರುವ ಹಳೆಯ ವಿದ್ಯಾರ್ಥಿನಿಯರಿಗೆ ‘ಬಂದು ನೋಡಿರಿ’ ಎಂದು ಹೇಳಿಕಳುಹಿಸಿದೆವು. ಚಿತ್ರವು ದೊಡ್ಡದಾದಷ್ಟೂ ಚೆಂದವೆಂದು ತಿಳಿದು ಒಂದನ್ನೂ ಚಿಕ್ಕದು ಮಾಡಲಿಲ್ಲ. ನಾಲ್ಕನೆಯ ದಿವಸ ಬೆಳಿಗ್ಗೆ ನೋಡಿದರೆ ಚಿತ್ರಗಳಿದ್ದ ಸ್ಥಳದಲ್ಲಿ ಒಂದೇ ಸಾಲಿನ ಇಂಗ್ಲಿಷ್ ಸೂಚನೆಯಿತ್ತು: ಈ ತಿಂಗಳ ಬ್ಯಾಂಡ್‌ವಿಡ್ತ್ ತೀರಿತು. ಮುಂದಿನ ತಿಂಗಳ ಒಂದನೆಯ ತಾರೀಖಿನ ವರೆಗೆ ಬಾಗಿಲು ಮುಚ್ಚಿತು.

ಅದಾದ ವಾರಕ್ಕೆ ಮಸೂತಿಯಿಂದ ಒಂದು ಕಾಗದವು ಬಂತು. ಬರೆದವರು ನಮ್ಮಲ್ಲಿ ಬಹಳ ಹಿಂದೆ ಕಲಿತು, ಈಗ ಮೊಮ್ಮಕ್ಕಳನ್ನು ಕಂಡಿರುವ ಹಿರಿಯರು. ಮೊಮ್ಮಗಳ ಫೋನಿನಲ್ಲಿ ಚಿತ್ರಗಳನ್ನು ನೋಡಬೇಕೆಂದು ರಾತ್ರಿ ಊಟವಾದ ಮೇಲೆ ಇಬ್ಬರೂ ಕೂತರಂತೆ. ಆ ದಿನದ ಪಾಲು ಹುಡುಗಿಯ ಕಾಲೇಜಿನ ಪಾಠಗಳಿಗೂ ಮನೆಯವರ ಆಟನೋಟಗಳಿಗೂ ಮುಗಿದುಹೋಗಿದ್ದಿತು. ಒಂದೊಂದು ಚಿತ್ರವು ಮೇಲಿನಿಂದ ಕೆಳಗೆ ಇಳಿಯುವದಕ್ಕೆ ಎಂಟು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಐದು ಚಿತ್ರ ಬರುವಷ್ಟರಲ್ಲಿ ನಿದ್ದೆ ಬಂತು. ಅವರ ವರ್ಗದ ಚಿತ್ರವು 57ನೆಯದು. ಮರುದಿನ ನಸುಕಿನಲ್ಲಿ ಎದ್ದು ನೋಡಿದರೆ ನಮ್ಮ ಕಡೆಯ ಬಾಗಿಲೇ ಮುಚ್ಚಿತ್ತು. “ಅಕ್ಕೋರೇ, ಅಗಸಿಯ ತನಕ ಬಂದೆವು, ಒಳಗೆ ಬರಲಾಗಲಿಲ್ಲ” ಎಂದು ಅವರು ಬರೆದಿದ್ದರು.

ಈ ಕಾಗದವು ನಮ್ಮನ್ನು ಬಹಳ ನಾಚಿಸಿತು. ಹೀಗಾದದ್ದು ಯಾಕೆಂದು ವಿಚಾರಿಸಿ ತಿಳಿದುಕೊಂಡದ್ದನ್ನು, ನಮ್ಮಂತೆ ಚಿತ್ರಗಳನ್ನೂ ಬರಹಗಳನ್ನೂ ಹತ್ತು ಜನರ ಮುಂದೆ ಇಡುವವರಿಗೆ ಉಪಯೋಗವಾದೀತೆಂದು ಇಲ್ಲಿ ಹೇಳುತ್ತೇವೆ.

ಮಸೂತಿಯ ಅಜ್ಜಿಗೆ ಒದಗಿದ ಅಡ್ಡಿಗಳು ಎರಡು. ಇವೆರಡಕ್ಕೂ ಜನರು ಬ್ಯಾಂಡ್‌ವಿಡ್ತ್ ಎಂಬ ಒಂದೇ ಹೆಸರನ್ನು ಹೇಳುವದರಿಂದ ಗೊಂದಲವಾಗುತ್ತದೆ. ಒಂದು ಹಾದಿಯ ಅಗಲವು, ಮತ್ತೊಂದು ತಿಂಗಳ ಪಾಲು. ವಿಜಾಪುರದವರಿಗೆ ಇದನ್ನು ತಿಳಿಸುವದು ಸುಲಭ. ಆದಿಲಶಾಹಿ ಅರಸರ ಕಾಲದಲ್ಲಿ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳ ಮೂಲಕ ಪಟ್ಟಣಕ್ಕೆ ನೀರು ಬರುತ್ತಿತ್ತು. ಕೊಳವೆಯ ಮೇಲಿನ ಒತ್ತಡವನ್ನು ತಗ್ಗಿಸುವದಕ್ಕೆ ನಡುನಡುವೆ ಕಟ್ಟಿದ ಗಂಜ್ ಎಂಬ ಗೋಪುರಗಳನ್ನು ಇಂದಿಗೂ ಕಾಣಬಹುದು. ಕೆರೆಯು ಎಷ್ಟೇ ತುಂಬಿರಲಿ, ಒಂದು ನಿಮಿಷದಲ್ಲಿ ಮನೆಗೆ ಎಷ್ಟು ಕೊಡ ನೀರು ಬಂದೀತೆಂಬದನ್ನು ಕೊಳವೆಯ ಅಗಲವೇ ನಿರ್ಣಯಿಸುವದು. ಇದು ಮೊದಲನೆಯದು. ಇನ್ನು ಕೊಳವೆಯು ಎಷ್ಟೇ ಅಗಲವಾಗಿರಲಿ, ‘ನಿಮ್ಮ ಮನೆಗೆ ತಿಂಗಳಿಗೆ ಇಷ್ಟೇ ಕೊಡ’ ಎಂದು ಕಾವಲುಗಾರನು ಲೆಕ್ಕವಿಟ್ಟರೆ ಅದು ಎರಡನೆಯದು. ಅಗಲವು ಸಾಲದಿದ್ದರೆ ಕಾಯಬೇಕು. ಪಾಲು ತೀರಿದರೆ ಕಾದರೂ ಫಲವಿಲ್ಲ.

ಅಗಲವನ್ನು ಅಳೆಯುವದು ಬಿಟ್ ಎಂಬ ಮಾನದಿಂದ, ಭಾರವನ್ನು ಅಳೆಯುವದು ಬೈಟ್ ಎಂಬ ಮಾನದಿಂದ. ಎಂಟು ಬಿಟ್ಟಿಗೆ ಒಂದು ಬೈಟ್. ಕಂಪನಿಯವರು ವೇಗವನ್ನು ಬಿಟ್ಟಿನಲ್ಲಿ ಹೇಳುವದರಿಂದ ಸಂಖ್ಯೆಯು ದೊಡ್ಡದಾಗಿ ಕಾಣುತ್ತದೆ. ನಾವು ಇಡುವ ಚಿತ್ರದ ಭಾರವಾದರೋ ಬೈಟಿನಲ್ಲಿರುತ್ತದೆ. ಎಂಟರಿಂದ ಭಾಗಿಸುವದನ್ನು ಮರೆತವರು ಮೋಸಹೋಗುವರು. ಈಗಿನ ಫೋನಿನಿಂದ ತೆಗೆದ ಒಂದು ಚಿತ್ರವು ಸುಮಾರು 4 ಮೆಗಾಬೈಟ್, ಅಂದರೆ 32 ಮೆಗಾಬಿಟ್ ಇರುತ್ತದೆ. ಭಾರತ ಸರಕಾರವು 2004ರಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಯಿಸಿಕೊಳ್ಳುವದಕ್ಕೆ ಕನಿಷ್ಠ ಸೆಕೆಂಡಿಗೆ 256 ಕಿಲೋಬಿಟ್ ವೇಗವಿರಬೇಕೆಂದು ಗೊತ್ತುಮಾಡಿತ್ತು. ಆ ಹಾದಿಯಲ್ಲಿ ಈ ಚಿತ್ರಕ್ಕೆ 125 ಸೆಕೆಂಡು ಬೇಕು. 2013ರಲ್ಲಿ ಅದು 512 ಆಯಿತು. 2023ರಲ್ಲಿ 2 ಮೆಗಾಬಿಟ್ಟಿಗೆ ಏರಿತು. ಈ ಹಾದಿಯಲ್ಲಿ ಅದೇ ಚಿತ್ರಕ್ಕೆ 16 ಸೆಕೆಂಡು ಸಾಕು. ಆದರೆ ದಿನದ ಪಾಲು ಮುಗಿದ ಫೋನಿಗೆ ಕಂಪನಿಯವರು ಸಾಮಾನ್ಯವಾಗಿ ಉಳಿಸುವದು 64 ಕಿಲೋಬಿಟ್ ಮಾತ್ರ. ಅಲ್ಲಿ ಒಂದು ಚಿತ್ರಕ್ಕೆ 500 ಸೆಕೆಂಡು, ಎಂದರೆ ಎಂಟು ನಿಮಿಷ ಇಪ್ಪತ್ತು ಸೆಕೆಂಡು. ಮಸೂತಿಯ ಕಾಗದದಲ್ಲಿ ಬರೆದ ಲೆಕ್ಕಕ್ಕೂ ಇದಕ್ಕೂ ತಾಳೆ ಬಿದ್ದದ್ದನ್ನು ಕಂಡು ನಾವು ಸುಮ್ಮನಾದೆವು.

ಬ್ಯಾಂಡ್‌ವಿಡ್ತ್ ಎಂಬ ಮಾತಿನ ಮೂಲಾರ್ಥವು ಪಟ್ಟಿಯ ಅಗಲವೆಂದಾಗುವದು. ರೇಡಿಯೋ ತರಂಗಗಳಲ್ಲಿ ಇಂಥ ಸಂಖ್ಯೆಯಿಂದ ಇಂಥ ಸಂಖ್ಯೆಯವರೆಗೆ ಎಂದು ಕೊಯ್ದುಕೊಟ್ಟ ತುಂಡೇ ಆ ಪಟ್ಟಿ. ಹಳೆಯ ಟೆಲಿಫೋನು ಮನುಷ್ಯನ ಕಂಠದಲ್ಲಿ 300ರಿಂದ 3400 ಹರ್ಟ್ಸಿನವರೆಗಿನ ಭಾಗವನ್ನು ಮಾತ್ರ ಸಾಗಿಸುತ್ತಿದ್ದದರಿಂದಲೇ ಅದರಲ್ಲಿ ಪರಿಚಿತರ ದನಿಯೂ ಮೂಗಿನಿಂದ ಬಂದಂತೆ ಕೇಳುತ್ತಿತ್ತು. ಅಮೇರಿಕದ ಬೆಲ್ ಪ್ರಯೋಗಶಾಲೆಯ ಕ್ಲಾಡ್ ಶಾನನ್ ಎಂಬ ಗಣಿತಜ್ಞರು 1948ರಲ್ಲಿ ತೋರಿಸಿಕೊಟ್ಟ ಪ್ರಕಾರ, ಪ್ರತಿಯೊಂದು ಹಾದಿಗೂ ಮೀರಲಾರದ ಒಂದು ಮಿತಿಯುಂಟು. ಅದು ಪಟ್ಟಿಯ ಅಗಲವನ್ನೂ, ಗದ್ದಲಕ್ಕಿಂತ ದನಿಯು ಎಷ್ಟು ಬಲವಾಗಿದೆಯೆಂಬದನ್ನೂ ಅವಲಂಬಿಸಿರುವದು. ಕುಶಲರಾದ ಯಂತ್ರಶಿಲ್ಪಿಗಳು ಆ ಮಿತಿಯ ಸಮೀಪಕ್ಕೆ ಹೋಗಬಲ್ಲರೇ ಹೊರತು ದಾಟಲಾರರು.

ಫೋನಿನ ಗೋಪುರವೊಂದಕ್ಕೆ ದೊರೆತ ತರಂಗಗಳ ತುಂಡನ್ನು ಅದರ ಕೆಳಗಿರುವ ಎಲ್ಲ ಫೋನುಗಳೂ ಹಂಚಿಕೊಳ್ಳಬೇಕು. ಒಂದೇ ಬಾವಿಗೆ ಹತ್ತು ಹಗ್ಗ ಇಳಿದಾಗ ಆಗುವದೇ ಇಲ್ಲಿಯೂ ಆಗುವದು. ಹೊಲದಿಂದ ಎಲ್ಲರೂ ಮನೆಗೆ ಬರುವ ಸಂಜೆಯ ಹೊತ್ತಿನಲ್ಲಿ ವೇಗವು ಕುಗ್ಗುವದಕ್ಕೆ ಕಾರಣವಿದು. ಗೋಪುರವು ದೂರವಿದ್ದಷ್ಟೂ ದನಿಯು ಕ್ಷೀಣಿಸುವದು, ಹಾದಿಯು ಇನ್ನೂ ಕಿರಿದಾಗುವದು. ಮಸೂತಿಯ ನೆರೆಯ ಕೂಡಗಿಯಲ್ಲಿ 2400 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರವಿದೆ. ಅಲ್ಲಿ ಹುಟ್ಟಿದ ಶಕ್ತಿಯನ್ನು ಹೊತ್ತ ದಪ್ಪ ತಂತಿಗಳು ದೂರದ ಪಟ್ಟಣಗಳಿಗೆ ಹೋಗುತ್ತವೆ. ಅದೇ ಸೀಮೆಯ ಒಂದು ಮನೆಯೊಳಗೆ ಒಂದು ಚಿತ್ರವು ಎಂಟು ನಿಮಿಷ ತೆವಳಿ ಬರುವದೆಂಬದು ನಮಗೆ ವಿಚಿತ್ರವಾಗಿ ತೋರುತ್ತದೆ.

ಇನ್ನು ನಮ್ಮ ಕಡೆಯ ಬಾಗಿಲು ಮುಚ್ಚಿದ್ದೇಕೆಂಬದನ್ನು ನೋಡೋಣ. ನಾವು ತಪ್ಪಿದ್ದು ಇಲ್ಲಿಯೇ. ಚಿತ್ರವನ್ನು ಒಮ್ಮೆ ಮೇಲಕ್ಕೆ ಏರಿಸಿದ ಮೇಲೆ ಕೆಲಸವು ತೀರಿತೆಂದು ನಾವು ತಿಳಿದಿದ್ದೆವು. ಗೋಡೆಗೆ ತೂಗುಹಾಕಿದ ಪಟವನ್ನು ಒಬ್ಬರು ನೋಡಿದರೂ ನೂರು ಜನ ನೋಡಿದರೂ ಪಟವು ಸವೆಯುವದಿಲ್ಲವಷ್ಟೆ. ಅಂತರ್ಜಾಲದ ರೀತಿಯು ಹಾಗಲ್ಲ. 1950ನೆಯ ಜನವರಿಯ 8ರಂದು ಧಾರವಾಡದ ಆಕಾಶವಾಣಿಯು ಮೊದಲಾದಾಗಿನಿಂದ ನಮ್ಮ ಸೀಮೆಯ ಜನರು ರೇಡಿಯೋ ಕೇಳಿ ಬಲ್ಲರು. ಅದನ್ನು ಒಬ್ಬರು ಕೇಳಿದರೂ ಲಕ್ಷ ಜನರು ಕೇಳಿದರೂ ಅಲ್ಲಿನ ಯಂತ್ರಕ್ಕೆ ಒಂದೇ ಶ್ರಮ. ಅಂತರ್ಜಾಲವು ರೇಡಿಯೋವಿಗಿಂತ ಮುದ್ರಣಾಲಯವನ್ನೇ ಹೆಚ್ಚು ಹೋಲುವದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು 1843ನೆಯ ಜುಲೈ ಒಂದರಿಂದ ‘ಮಂಗಳೂರು ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರಷ್ಟೆ. ಕಲ್ಲಿನ ಮೇಲೆ ಬರೆಯುವದು ಒಂದೇ ಸಲ. ಆದರೆ ಓದುಗರೆಷ್ಟೋ ಅಷ್ಟು ಹಾಳೆಗಳನ್ನು ಒಂದೊಂದಾಗಿ ಒತ್ತಿ ತೆಗೆಯಬೇಕು. ಅದರಂತೆಯೇ ಯಾರಾದರೂ ಒಬ್ಬರು ನಮ್ಮ ಚಿತ್ರವನ್ನು ನೋಡಬೇಕೆಂದಾಗ ಅದರ ಹೊಸದೊಂದು ಪ್ರತಿಯು ಸಿದ್ಧವಾಗಿ ಅವರ ಮನೆಯವರೆಗೂ ನಡೆದುಹೋಗುವದು. ಪ್ರತಿಯೊಂದು ಪ್ರಯಾಣವೂ ತಿಂಗಳ ಪಾಲಿನಲ್ಲಿ ಲೆಕ್ಕವಾಗುವದು.

ನಮಗಿದ್ದ ಪಾಲು ತಿಂಗಳಿಗೆ 10 ಗಿಗಾಬೈಟ್, ಎಂದರೆ ಹತ್ತು ಸಾವಿರ ಮೆಗಾಬೈಟ್. ಒಪ್ಪಂದ ಮಾಡಿಕೊಳ್ಳುವಾಗ ಇದು ಸಮುದ್ರದಂತೆ ಕಂಡಿತ್ತು. ನಮ್ಮ 60 ಚಿತ್ರಗಳು, ಒಂದಕ್ಕೆ ನಾಲ್ಕರಂತೆ 240 ಮೆಗಾಬೈಟ್. ಹತ್ತು ಸಾವಿರವನ್ನು 240ರಿಂದ ಭಾಗಿಸಿ ನೋಡಿರಿ. ನಲವತ್ತೊಂದು ಮಂದಿ ಪೂರ್ತಿ ನೋಡಬಹುದು; ನಲವತ್ತೆರಡನೆಯವರು ನೋಡುತ್ತಿರುವಾಗಲೇ ಪಾಲು ಮುಗಿಯುವದು. ನಾವು ಕರೆದದ್ದು ಆರು ನೂರು ಜನರನ್ನು! ಮದುವೆಗೆ ಊರೆಲ್ಲ ಕರೆದು ಒಂದು ಪಂಕ್ತಿಗೆ ಮಾತ್ರ ಅಡಿಗೆ ಮಾಡಿದವರ ಗತಿಯೇ ನಮ್ಮದಾಯಿತು.

ಹೆಚ್ಚು ಬಾಡಿಗೆ ಕೊಟ್ಟು ದೊಡ್ಡ ಪಾಲನ್ನು ಕೊಳ್ಳಬಹುದಲ್ಲಾ ಎಂದು ಕೆಲವರು ಸೂಚಿಸಿದರು. ಕೊಳ್ಳಬಹುದು ನಿಜ. ಹಾಗೆ ಮಾಡಿದರೆ ನಮ್ಮ ಬಾಗಿಲು ತೆರೆದಿರುವದು, ಆದರೆ ಮಸೂತಿಯ ಹಾದಿಯು ಅಗಲವಾಗದು. ನಾವಿಟ್ಟ ಭಾರವನ್ನು ಹೊರುವವರು ನಾವು ಮಾತ್ರವಲ್ಲ; ನೋಡುವವರ ದಿನದ ಪಾಲಿನಿಂದಲೂ ಅಷ್ಟೇ ಭಾರವು ಕಳೆಯುವದು. ಒಳ್ಳೆಯ ಫೋನು, ಅಗಲವಾದ ಹಾದಿ ಉಳ್ಳವರಿಗೆ ಇದು ಗೊತ್ತೇ ಆಗುವದಿಲ್ಲ. ಗೊತ್ತಾಗುವದು ತುದಿಯಲ್ಲಿರುವವರಿಗೆ.

ಪಾಲಕರಿಗೆ 2020ರ ನೆನಪು ಮಾಸಿರಲಿಕ್ಕಿಲ್ಲ. ಆ ವರ್ಷ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದ ಮೇಲೆ ಪಾಠಗಳು ಫೋನಿಗೆ ಬಂದವು. ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಕಡೆಯ ಹಳ್ಳಿಗಳಿಂದ ಬರುವ ನಮ್ಮ ಹುಡುಗಿಯರಲ್ಲಿ ಅನೇಕರ ಮನೆಯಲ್ಲಿ ಫೋನು ಒಂದೇ, ದಿನಕ್ಕೆ ಒಂದೂವರೆ ಗಿಗಾಬೈಟಿನ ಪಾಲೂ ಒಂದೇ. ಅದನ್ನು ತಂದೆಯವರು ಹೊಲಕ್ಕೆ ಒಯ್ಯುವರು. ತಿರುಗಿ ಬಂದ ಮೇಲೆ ಅಣ್ಣತಮ್ಮಂದಿರ ಕೈಗೆ ಹೋಗುವದು. ಮುಸುರೆ ತಿಕ್ಕಿ ಮುಗಿಸಿ ಹುಡುಗಿಯು ಕೂತುಕೊಳ್ಳುವಷ್ಟರಲ್ಲಿ ಪಾಲು ತೀರಿರುವದು. ನಮ್ಮ ಉಪಾಧ್ಯಾಯಿನಿಯರು ಬಹು ಶ್ರಮದಿಂದ ಚಲಚ್ಚಿತ್ರಗಳಾಗಿ ತೆಗೆದು ಕಳುಹಿಸಿದ ಪಾಠಗಳು ಅವರಿಗೆ ತಲುಪಲಿಲ್ಲ. ಫೋನಿನಲ್ಲಿ ಸಾಮಾನ್ಯ ರೀತಿಯಿಂದ ತೆಗೆದ ಒಂದು ನಿಮಿಷದ ಚಲಚ್ಚಿತ್ರವೇ ನೂರು ಮೆಗಾಬೈಟಿನ ಆಸುಪಾಸು ಇರುವದೆಂಬದು ಆಗ ನಮ್ಮ ಲಕ್ಷ್ಯಕ್ಕೆ ಬಂದಿರಲಿಲ್ಲ. ಆ ವರ್ಷ ಜುಲೈ ತಿಂಗಳಲ್ಲಿ ಸರಕಾರದವರು ಚಂದನ ವಾಹಿನಿಯಲ್ಲಿ ಎಂಟರಿಂದ ಹತ್ತನೆಯ ಇಯತ್ತೆಯವರೆಗೆ ‘ಸಂವೇದ’ ಎಂಬ ಪಾಠಗಳನ್ನು ಮೊದಲುಮಾಡಿದ್ದು ಈ ದೃಷ್ಟಿಯಿಂದ ಬಹಳ ವಿವೇಕದ ಕೆಲಸವಾಗಿತ್ತು. ಯಾಕಂದರೆ ದೂರದರ್ಶನವು ಆಕಾಶವಾಣಿಯ ಜಾತಿಯದು, ನೋಡುವವರು ಹೆಚ್ಚಾದರೂ ಯಾರ ಪಾಲೂ ಕರಗದು. ಕಡೆಗೆ ನಮ್ಮ ಉಪಾಧ್ಯಾಯಿನಿಯರೂ ಪಾಠವನ್ನು ಬರಹವಾಗಿ ಬರೆದು, ಕಠಿಣವಾದ ಭಾಗಕ್ಕೆ ಮಾತ್ರ ಎರಡು ನಿಮಿಷದ ದನಿಯನ್ನು ಕೂಡಿಸಿ ಕಳುಹಿಸತೊಡಗಿದರು. ಮನೆಯ ಪಾಲಿನಲ್ಲಿ ಹುಡುಗಿಯ ಅಭ್ಯಾಸಕ್ಕೆಂದು ಒಂದು ಅಂಶವನ್ನು ತೆಗೆದಿರಿಸುವದು ಪಾಲಕರಿಗೆ ಅಷ್ಟೇನೂ ಕಠಿಣವಲ್ಲವೆಂದು ನಾವು ಈಗಲೂ ಹೇಳುತ್ತೇವೆ. ಕ್ರಿಕೆಟ್ ಪಂದ್ಯವು ಒಂದು ಗಂಟೆಯಲ್ಲಿ ತಿನ್ನುವದರೊಳಗೆ ಆಕೆಯ ತಿಂಗಳ ಪಾಠಗಳು ಬರಹದ ರೂಪದಲ್ಲಿ ಧಾರಾಳವಾಗಿ ಹಿಡಿಸುವವು.

ಬರಹವು ಎಷ್ಟು ಹಗುರವೆಂಬದನ್ನು ಇಲ್ಲಿ ತುಸು ವಿವರಿಸಬೇಕು. ಕನ್ನಡವು ಈ ವಿಷಯದಲ್ಲಿ ಇಂಗ್ಲಿಷಿಗಿಂತ ಹೆಚ್ಚು ಸ್ಥಳ ಹಿಡಿಯುವದೆಂಬ ದೂರು ಉಂಟು, ಅದು ಸುಳ್ಳಲ್ಲ. ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಓಣಿಯನ್ನು ಕೊಟ್ಟಿದ್ದಾರೆ. ಅಲ್ಲಿನ ಒಂದೊಂದು ಅಕ್ಷರಕ್ಕೂ, ಒಂದೊಂದು ಸ್ವರಚಿಹ್ನಕ್ಕೂ ಸಾಗಣೆಯಲ್ಲಿ ಮೂರು ಬೈಟ್ ಬೇಕು. ರೋಮನ್ ಅಕ್ಷರಕ್ಕೆ ಒಂದೇ ಸಾಕು. ‘ಮಸೂತಿ’ ಎಂಬ ಹೆಸರನ್ನೇ ತೆಗೆದುಕೊಳ್ಳಿರಿ. ಮ, ಸ, ದೀರ್ಘ ಊಕಾರದ ಚಿಹ್ನ, ತ, ಗುಡಿಸು, ಹೀಗೆ ಐದು ಘಟಕಗಳಾಗಿ ಹದಿನೈದು ಬೈಟ್ ಆಗುವದು. ರೋಮನ್ ಲಿಪಿಯಲ್ಲಿ ಅದಕ್ಕೆ ಆರೇ ಬೈಟ್. ಫೋನಿನ ಚಿಕ್ಕ ಸಂದೇಶಗಳಲ್ಲಿ ಈ ಭೇದವು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. 1992ನೆಯ ದಶಂಬರ 3ರಂದು ಇಂಗ್ಲಂಡದಲ್ಲಿ ಮೊದಲ ಸಂದೇಶವು ಕ್ರಿಸ್ತಜಯಂತಿಯ ಶುಭಾಶಯವಾಗಿ ಹೋಯಿತು. ಆ ಸಂದೇಶದ ಚೀಲಕ್ಕೆ ಹಿಡಿಸುವದು 140 ಬೈಟ್. ಅದರಲ್ಲಿ ಇಂಗ್ಲಿಷಾದರೆ 160 ಅಕ್ಷರಗಳನ್ನು ತುಂಬಬಹುದು, ಕನ್ನಡದಲ್ಲಿ ಎಣಿಸಿ 70. ಸ್ವರಚಿಹ್ನಗಳೂ ಒತ್ತಕ್ಷರಗಳೂ ಆ ಎಪ್ಪತ್ತರೊಳಗೇ ಸೇರಬೇಕು. ಅನೇಕರು ತಾಯಿಗೆ ಬರೆಯುವ ಮಾತನ್ನೂ ರೋಮನ್ ಅಕ್ಷರಗಳಲ್ಲಿ ಬರೆಯುವ ರೂಢಿಗೆ ಬಿದ್ದದ್ದಕ್ಕೆ ಇದೂ ಒಂದು ಕಾರಣವೆಂದು ನಮಗೆ ತೋರುತ್ತದೆ.

ಮಾತನ್ನು ಎಣಿಸಿ ಕಳುಹಿಸುವದು ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. 1850ರಲ್ಲಿ ಕಲಕತ್ತೆಗೂ ಡಾಯಮಂಡ್ ಹಾರ್ಬರಿಗೂ ನಡುವೆ ಪ್ರಯೋಗಕ್ಕೆಂದು ಎಳೆದ ತಂತಿಯಿಂದ ಮೊದಲಾಗಿ, 2013ನೆಯ ಜುಲೈ ತಿಂಗಳಲ್ಲಿ ತಂತಿಯ ಸೇವೆಯು ನಿಲ್ಲುವವರೆಗೂ, ಶಬ್ದಕ್ಕಿಷ್ಟು ಎಂದು ದುಡ್ಡು ಕೊಡಬೇಕಾಗಿತ್ತು. ಮದುವೆ, ಹಬ್ಬ, ಪರೀಕ್ಷೆಯ ಯಶಸ್ಸು, ಇವುಗಳಿಗೆ ಸಿದ್ಧವಾದ ವಾಕ್ಯಗಳ ಪಟ್ಟಿಯೊಂದು ತಂತಿ ಕಚೇರಿಯಲ್ಲಿ ಇರುತ್ತಿತ್ತು. ಬೇಕಾದ ವಾಕ್ಯದ ಅಂಕಿಯನ್ನು ಹೇಳಿದರಾಯಿತು, ಹಾದಿಯಲ್ಲಿ ಅಂಕಿಯೇ ಪ್ರಯಾಣ ಮಾಡಿ ಆ ತುದಿಯಲ್ಲಿ ಪೂರ್ತಿ ವಾಕ್ಯವಾಗಿ ಬಿಚ್ಚಿಕೊಳ್ಳುತ್ತಿತ್ತು. ಈಗಿನ ಯಂತ್ರಗಳೂ ಬರಹವನ್ನು ಕಳುಹಿಸುವ ಮೊದಲು ಪದೇ ಪದೇ ಬರುವ ಭಾಗಗಳಿಗೆ ಚಿಕ್ಕ ಗುರುತುಗಳನ್ನಿಟ್ಟು ಅಡಕಮಾಡುತ್ತವೆ, ಯುಕ್ತಿಯು ಅದೇ. ಕನ್ನಡದ ಮೂರು ಬೈಟಿನ ಹೊರೆಯೂ ಈ ಅಡಕದಲ್ಲಿ ಬಹುಮಟ್ಟಿಗೆ ಇಳಿಯುವದು.

ಅಡಕಮಾಡದಿದ್ದರೂ ಆ ಹೊರೆಯು ಎಷ್ಟರದು? ನೀವು ಓದುತ್ತಿರುವ ಈ ಲೇಖನವೆಲ್ಲವೂ ಸುಮಾರು 50 ಕಿಲೋಬೈಟ್. ನಮ್ಮ ಸಾಲುಚಿತ್ರವೊಂದರ 4 ಮೆಗಾಬೈಟಿನಲ್ಲಿ ಇಂಥ ಎಂಬತ್ತು ಲೇಖನಗಳು ಹಿಡಿಸುವವು. 64 ಕಿಲೋಬಿಟ್ಟಿನ ಆ ಬಡಹಾದಿಯಲ್ಲಿಯೂ ಇದು ಏಳು ಸೆಕೆಂಡಿನೊಳಗೆ ಮಸೂತಿಯನ್ನು ಮುಟ್ಟುವದು.

ಹೀಗಿರಲಾಗಿ, ಕನ್ನಡ ಬರಹವನ್ನೇ ಚಿತ್ರಮಾಡಿ ಕಳುಹಿಸುವ ಒಂದು ಪದ್ಧತಿಯು ನಮ್ಮಲ್ಲಿ ಬೇರೂರಿದೆ. ಅದಕ್ಕೆ ಇತಿಹಾಸವುಂಟು. ಯೂನಿಕೋಡ್ ರೂಢಿಯಾಗುವ ಮುಂಚೆ ಒಂದೊಂದು ಕನ್ನಡ ತಂತ್ರಾಂಶಕ್ಕೂ ತನ್ನದೇ ಸಂಕೇತವಿತ್ತು. ಒಬ್ಬರು ಬರೆದದ್ದು ಮತ್ತೊಬ್ಬರ ಯಂತ್ರದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿತ್ತು. ಅದಕ್ಕಂಜಿ ಜನರು ಹಾಳೆಯ ಫೋಟೋ ತೆಗೆದೇ ಕಳುಹಿಸಿದರು. ಆ ಭಯವು ಈಗ ಉಳಿದಿಲ್ಲ, ರೂಢಿಯು ಮಾತ್ರ ಉಳಿದಿದೆ. ಶಾಲೆಯ ರಜೆಯ ಸೂಚನೆಯು ಬರಹವಾಗಿ ಒಂದೆರಡು ಕಿಲೋಬೈಟ್ ಆಗುವಲ್ಲಿ, ಹೂಬಳ್ಳಿಯ ಅಂಚಿನ ಚಿತ್ರವಾಗಿ ನೂರಾರು ಕಿಲೋಬೈಟ್ ತಿನ್ನುವದು. ಚಿತ್ರದೊಳಗಿನ ಮಾತನ್ನು ಮಂದದೃಷ್ಟಿಯವರ ಫೋನು ಓದಿ ಹೇಳುವದೂ ಕಷ್ಟ. ನಮ್ಮ ಕಚೇರಿಯಲ್ಲಿ ಈ ಪದ್ಧತಿಯನ್ನು ಬಿಡಿಸಬೇಕಾದರೆ ಎರಡು ಸಭೆಗಳು ಬೇಕಾದವು. ಹೂಬಳ್ಳಿಯ ಅಭಿಮಾನಿಗಳು ಬಹಳ.

ಮುಂದಿನ ತಿಂಗಳು ಬಾಗಿಲು ತೆರೆಯುವ ಮುಂಚೆ ನಾವು ಚಿತ್ರಗಳನ್ನೆಲ್ಲ ಪುನಃ ಸಿದ್ಧಮಾಡಿದೆವು. ಫೋನಿನ ಪರದೆಯ ಮೇಲೆ ನೋಡುವದಕ್ಕೆ ಚಿತ್ರದ ಅಗಲವು 1200 ಚುಕ್ಕೆಗಳಿದ್ದರೆ ಸಾಕು. ನಾಲ್ಕು ಸಾವಿರ ಚುಕ್ಕೆಗಳನ್ನು ಕಳುಹಿಸಿದರೂ ಚಿಕ್ಕ ಪರದೆಯು ಹೆಚ್ಚಿನವುಗಳನ್ನು ತೋರಿಸಲಾರದು. ಹೀಗೆ ಚಿಕ್ಕದುಮಾಡಿದಾಗ ಒಂದೊಂದು ಚಿತ್ರವು ಸುಮಾರು 200 ಕಿಲೋಬೈಟಿಗೆ ಇಳಿಯಿತು. ಅರವತ್ತೂ ಕೂಡಿ 12 ಮೆಗಾಬೈಟ್. ಅದೇ 10 ಗಿಗಾಬೈಟಿನ ಪಾಲಿನಲ್ಲಿ ಈಗ 833 ಜನರು ಪೂರ್ತಿ ನೋಡಬಹುದು. ಬಡಹಾದಿಯಲ್ಲಿಯೂ ಒಂದು ಚಿತ್ರಕ್ಕೆ ಇಪ್ಪತ್ತೈದು ಸೆಕೆಂಡು. ದೊಡ್ಡ ಮೂಲಪ್ರತಿಗಳನ್ನು ಕಳೆಯದೆ ಶಾಲೆಯಲ್ಲಿ ಬೇರೆಯಾಗಿ ಕಾದಿಟ್ಟಿದ್ದೇವೆ. ಅಚ್ಚು ಹಾಕಿಸಿ ಗೋಡೆಗೆ ತೂಗಿಸಬೇಕೆನ್ನುವವರಿಗೆ ಅವು ಬೇಕಾಗುವವು. ಎಲ್ಲ ಚಿತ್ರಗಳೂ ಒಮ್ಮೆಗೇ ಇಳಿಯದಂತೆ ಹತ್ತು ಹತ್ತರ ಕಟ್ಟುಗಳಾಗಿ ಮಾಡಿ, ಪ್ರತಿ ಕಟ್ಟಿನ ಮೇಲೆ ವರ್ಷವನ್ನು ಬರೆದೆವು. ಚಲಚ್ಚಿತ್ರವು ತಾನಾಗಿ ಓಡತೊಡಗುವ ಏರ್ಪಾಡನ್ನು ತೆಗೆದುಹಾಕಿದೆವು. ಕೇಳದವರ ಪಾಲನ್ನು ಕದಿಯುವ ಅಂಥ ಏರ್ಪಾಡು ನಮಗೆ ಸರಿದೋರದು. ಬೇರೆಯವರ ಸ್ಥಳದಲ್ಲಿರುವ ಚಿತ್ರವನ್ನು ಅಲ್ಲಿಂದಲೇ ಎಳೆದು ನಮ್ಮಲ್ಲಿ ತೋರಿಸುತ್ತಿದ್ದ ಒಂದೆರಡು ಕಡೆಗಳಲ್ಲಿಯೂ ತಿದ್ದಿಕೊಂಡೆವು, ಯಾಕಂದರೆ ನಮ್ಮ ಅತಿಥಿಗಳು ನೋಡಿದಾಗಲೆಲ್ಲ ತೀರುತ್ತಿದ್ದದ್ದು ಅವರ ಪಾಲು.

ಮಸೂತಿಯ ಹಿರಿಯರಿಗೆ ಮಾತ್ರ ಆ ತಿಂಗಳು ಕಾಯಿಸದೆ, ಅವರ ವರ್ಗದ 57ನೆಯ ಚಿತ್ರವೊಂದನ್ನೇ 150 ಕಿಲೋಬೈಟಿಗೆ ಇಳಿಸಿ ಮೊಮ್ಮಗಳ ಫೋನಿಗೆ ಕಳುಹಿಸಿದ್ದೆವು. ಎರಡು ದಿವಸಗಳ ಮೇಲೆ ಆ ಹುಡುಗಿಯು ಅಜ್ಜಿ ಹೇಳಿದಂತೆ ಬರೆದ ಪಟ್ಟಿಯೊಂದು ಬಂತು. ಆ ಚಿತ್ರದ ಹಿಂದೆ ವರ್ಷವನ್ನಲ್ಲದೆ ಮತ್ತೇನನ್ನೂ ಯಾರೂ ಬರೆದಿರಲಿಲ್ಲ. ಆ ವರ್ಗದವರಲ್ಲಿ ನಮಗೆ ವಿಳಾಸ ತಿಳಿದಿರುವವರು ಅವರೊಬ್ಬರೇ. ಇಪ್ಪತ್ತಮೂರು ಹುಡುಗಿಯರಲ್ಲಿ ಇಪ್ಪತ್ತೆರಡು ಜನರ ಹೆಸರು, ಅವರು ಬಂದ ಊರು, ಕೆಲವರನ್ನು ಕೊಟ್ಟ ಮನೆತನ, ಎಲ್ಲವೂ ಪಟ್ಟಿಯಲ್ಲಿದ್ದವು. ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯವಳ ಎದುರಿಗೆ ಮಾತ್ರ “ಇಂಡಿಯ ಕಡೆಯಿಂದ ಒಂದೇ ವರ್ಷ ಬಂದಿದ್ದಳು, ಚೆನ್ನಾಗಿ ಹಾಡುತ್ತಿದ್ದಳು, ಹೆಸರು ನೆನಪಾಗುವದಿಲ್ಲ” ಎಂದಿತ್ತು. ಆಕೆಯನ್ನು ಬಲ್ಲವರು ಯಾರಾದರೂ ಇದ್ದರೆ ಶಾಲೆಯ ಕಚೇರಿಗೆ ತಿಳಿಸಬೇಕು. ಚಿತ್ರವನ್ನು ಕೇಳಿದವರಿಗೆ ಕಳುಹಿಸುವೆವು. ನಿಧಾನವಾದ ಹಾದಿಯಲ್ಲಿಯೂ ಅದು ಇಪ್ಪತ್ತು ಸೆಕೆಂಡಿನೊಳಗೆ ಬರುವದು.